ನಿಜವಾದ ದಿವಾಳಿಕೋರ ಯಾರು?

ಪ್ರವಾದಿವರ್ಯರು(ಸ) ತಮ್ಮ ನಮಾಝಿನಲ್ಲಿ ಸಾಲದ ಹೊರೆಯಿಂದ ಅಲ್ಲಾಹನ ಅಭಯವನ್ನು ಬೇಡುತ್ತಿದ್ದರು. ಇದನ್ನೇ ಏಕೆ ಇಷ್ಟು ಸಲ ಬೇಡುತ್ತೀರಿ ಎಂದು ಒಬ್ಬರು ಕೇಳಿದಾಗ, ಸಾಲಕ್ಕೆ ಸಿಲುಕಿದವನು ಮಾತಾಡಿದರೆ ಸುಳ್ಳಾಡುತ್ತಾನೆ, ವಾಗ್ದಾನ ಮಾಡಿದರೆ ಮುರಿಯುತ್ತಾನೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಸಾಲವು ಮೊದಲು ಕಿಸೆಯನ್ನು ಬರಿದು ಮಾಡುತ್ತದೆ, ಬಳಿಕ ನಾಲಗೆಯನ್ನು ಕೆಡಿಸುತ್ತದೆ. ಕಿಸೆ ಬರಿದಾದುದು ಪಾಪವಲ್ಲ. ನಾಲಗೆ ಕೆಟ್ಟರೆ ಮಾತ್ರ ಅದು ಈಮಾನಿನ ಪ್ರಶ್ನೆಯಾಗುತ್ತದೆ.

ಸಹೋದರ ಸಹೋದರಿಯರೇ, ಕಾರವಾರ ತಾಲೂಕಿನ ಗಡಿಯೂರಾದ ಮಾಜಾಳಿಯನ್ನು ನೆನೆಯಿರಿ. ಊರು ದಾಟಿದರೆ ಗೋವೆ. ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಗಡಿಯಾಚೆಯ ದುಡಿಮೆಯಿಂದ, ಇಲ್ಲವೇ ಕಡಲಿನಿಂದ. 2010ರ ಜುಲೈಯಲ್ಲಿ ರಾಜ್ಯ ಸರಕಾರವು ನಮ್ಮ ಬಂದರುಗಳಿಂದ ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿದಾಗ ಅಂಕೋಲೆಯ ಬೇಲೆಕೇರಿಗೆ ಅದಿರು ಸಾಗಿಸುತ್ತಿದ್ದ ಲಾರಿಗಳು ನಿಂತವು. 2012ರಲ್ಲಿ ಗೋವೆಯ ಗಣಿಗಳು ನಿಂತವು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಗಡಿಯೇ ಮುಚ್ಚಿತು. ದುಡಿಮೆ ನಿಂತರೂ ಕಂತು ನಿಲ್ಲಲಿಲ್ಲ. ಬ್ಯಾಂಕಿನ ಕಂತು, ಫೈನಾನ್ಸಿನ ಕಂತು, ಹೆಂಗಸರ ಸಂಘದ ವಾರದ ಕಂತು, ಅಂಗಡಿಯ ಉದ್ರಿ, ಭಾವನಿಂದ ತಂದ ಕೈಸಾಲ. ಕೆಲಸವಿಲ್ಲದ ಮನುಷ್ಯ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುತ್ತಾನೆ. ಕೊನೆಗೆ ಯಾರೋ ಅವನ ಕಿವಿಯಲ್ಲಿ ಹೇಳುತ್ತಾರೆ: ಪಾಪರ್ ಚೀಟಿ ತೆಗೆದುಕೊಂಡುಬಿಡು.

ಈ ಮಾತಿನ ಬಗ್ಗೆ ನಮ್ಮಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ದಿವಾಳಿ ಅರ್ಜಿ ಹಾಕುವುದು ಖಾನದಾನಿಗೆ ಕಳಂಕವೆಂದು ಕೆಲವರು ಭಾವಿಸುತ್ತಾರೆ. ಇಂಥವರು ರಾತ್ರೋರಾತ್ರಿ ಊರು ಬಿಡುತ್ತಾರೆ. ಹೆಂಡತಿ ಮಕ್ಕಳು ಸಾಲಿಗರ ಬಾಯಿಗೆ ಬೀಳುತ್ತಾರೆ. ಇನ್ನು ಕೆಲವರು ಅದನ್ನು ಸಾಲ ನುಂಗುವ ಜಾಣತನವೆಂದು ತಿಳಿದು, ಮನೆಯನ್ನು ಹೆಂಡತಿಯ ಹೆಸರಿಗೆ ಬರೆದು, ಬರಿಗೈ ತೋರಿಸುತ್ತಾರೆ. ಓಡಿಹೋಗುವವನೂ ಅಡಗಿಸುವವನೂ ಸತ್ಯದಿಂದ ದೂರ.

ಕಾನೂನು ಏನೆನ್ನುತ್ತದೆಂದು ನೋಡೋಣ. ನಮ್ಮ ಜಿಲ್ಲೆಯಂತಹ ಕಡೆಗಳ ಸಾಮಾನ್ಯ ಸಾಲಗಾರನಿಗಿರುವುದು 1920ರ ಪ್ರಾಂತೀಯ ದಿವಾಳಿ ಕಾನೂನು. ಸಾಲ ತೀರಿಸಲಾಗದವನು ಸ್ವತಃ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆಗ ಅವನು ತನ್ನ ಆಸ್ತಿ, ಬರಬೇಕಾದ ಹಣ, ಪ್ರತಿಯೊಬ್ಬ ಸಾಲಿಗನ ಹೆಸರು ಮತ್ತು ಮೊತ್ತ ಎಲ್ಲವನ್ನೂ ಬಿಚ್ಚಿಡಬೇಕು. ದಿವಾಳಿಯೆಂದು ತೀರ್ಮಾನವಾದರೆ ಅವನ ಆಸ್ತಿಯನ್ನು ಮಾರಿ ಸಾಲಿಗರಿಗೆ ಹಂಚಲಾಗುತ್ತದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ ಇವುಗಳನ್ನು ಮುಟ್ಟುವಂತಿಲ್ಲ. ಬಳಿಕ ನ್ಯಾಯಾಲಯವು ಅವನಿಗೆ ಬಿಡುಗಡೆ ನೀಡಬಹುದು. ಆದರೆ ಅರ್ಜಿಗೆ ಮುಂಚಿನ ಎರಡು ವರ್ಷಗಳಲ್ಲಿ ಸುಮ್ಮನೆ ಇನ್ನೊಬ್ಬರ ಹೆಸರಿಗೆ ಬರೆದ ಆಸ್ತಿಯ ಪತ್ರವನ್ನು ನ್ಯಾಯಾಲಯ ರದ್ದು ಮಾಡಬಹುದು. ಲೆಕ್ಕ ಮುಚ್ಚಿಟ್ಟವನಿಗೆ ಸೆರೆವಾಸವೂ ಉಂಟು. ಮೋಸದಿಂದ ಮಾಡಿದ ಸಾಲಕ್ಕೆ ಬಿಡುಗಡೆಯೇ ಇಲ್ಲ. ಜಾಮೀನು ನಿಂತವನಿಗೂ ಬಿಡುಗಡೆಯಿಲ್ಲ. ಸಾಲಗಾರ ಪಾರಾದರೂ ಅವನನ್ನು ನಂಬಿ ಸಹಿ ಹಾಕಿದ ಸ್ನೇಹಿತನ ಕುತ್ತಿಗೆಯಲ್ಲಿ ಹಗ್ಗ ಉಳಿದೇ ಇರುತ್ತದೆ.

ಕೈಲಾಗದವನನ್ನು ಹೆದರಿಸುವುದು ಕಾನೂನಿನ ಉದ್ದೇಶವಲ್ಲ. ತೀರಿಸುವ ಶಕ್ತಿಯಿಲ್ಲದ ಪ್ರಾಮಾಣಿಕನನ್ನು ಸಾಲಕ್ಕಾಗಿ ಜೈಲಿಗೆ ಹಾಕಬಾರದೆಂದು 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದರು. ಸಣ್ಣ ಸಾಲಗಳ ವಸೂಲಿಯಲ್ಲಿ ಪೀಡಿಸುವವರಿಗೆ 10 ವರ್ಷಗಳವರೆಗೆ ಸೆರೆ ವಿಧಿಸುವ ಸುಗ್ರೀವಾಜ್ಞೆಯನ್ನು 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೊರಡಿಸಿತು. ವಕೀಲರ ಫೀಜಿಗೆ ದುಡ್ಡಿಲ್ಲದ ಬಡವರೂ, ವರಮಾನ ಎಷ್ಟೇ ಇರಲಿ ಹೆಂಗಸರೂ, ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

ಈಗ ಧರ್ಮದ ಮಾತಿಗೆ ಬರೋಣ. ಪ್ರವಾದಿವರ್ಯರ(ಸ) ಕಾಲದಲ್ಲಿ ಒಬ್ಬರು ಹಣ್ಣಿನ ಫಸಲನ್ನು ಕೊಂಡು ನಷ್ಟಕ್ಕೊಳಗಾದರು. ಸಾಲ ಬೆಳೆಯಿತು. ಪ್ರವಾದಿವರ್ಯರು(ಸ) ಅವರನ್ನು ಗದರಲಿಲ್ಲ. ಇವರಿಗೆ ದಾನ ಕೊಡಿರೆಂದು ಜನರಿಗೆ ಹೇಳಿದರು. ಜನರು ಕೊಟ್ಟರು. ಆದರೂ ಸಾಲ ತೀರುವಷ್ಟಾಗಲಿಲ್ಲ. ಆಗ ಸಾಲಿಗರಿಗೆ, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿಗೆ ನಿಮಗಿಲ್ಲ ಎಂದು ತಿಳಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿದೆ. ಇಲ್ಲಿನ ಕ್ರಮವನ್ನು ಗಮನಿಸಿರಿ. ಮೊದಲು ಸಾಲಗಾರನ ಸ್ಥಿತಿ ಎಲ್ಲರಿಗೂ ತಿಳಿಯಿತು. ಬಳಿಕ ಸಮುದಾಯ ಕೈ ಕೊಟ್ಟಿತು. ಆಮೇಲೆ ಸಾಲಿಗನು ತನ್ನ ಕೈ ಹಿಂದೆಗೆದುಕೊಂಡನು. ನಮ್ಮಲ್ಲಿ ನಡುವಿನ ಮೆಟ್ಟಿಲೇ ಕಾಣೆಯಾಗಿದೆ. ಆದುದರಿಂದಲೇ ಮನುಷ್ಯ ಮಸೀದಿಯ ಮೆಟ್ಟಿಲು ಹತ್ತದೆ ನೇರವಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ.

ಹಾಗಾದರೆ ಕೋರ್ಟಿನ ಬಿಡುಗಡೆಯಿಂದ ಅಲ್ಲಾಹನ ಬಳಿಯೂ ಲೆಕ್ಕ ಚುಕ್ತಾ ಆಯಿತೇ? ಇಲ್ಲ. ಸಾಲಿಗನು ಮನಸಾರೆ ಬಿಟ್ಟುಕೊಡುವವರೆಗೆ ಅಸಲು ಸಾಲಗಾರನ ಹೊಣೆಯಲ್ಲೇ ಇರುತ್ತದೆಂಬುದು ಉಲಮಾಗಳ ಸಾಮಾನ್ಯ ಅಭಿಪ್ರಾಯ. ಕೋರ್ಟು ಕೊಡುವುದು ಉಸಿರಾಡುವ ಬಿಡುವು. ನಾಳೆ ಅಲ್ಲಾಹನು ಕೆಲಸ ಕೊಟ್ಟರೆ, ಮೊದಲ ಸಂಬಳದಿಂದ ನೂರು ರೂಪಾಯಿಯನ್ನಾದರೂ ಉದ್ರಿ ಕೊಟ್ಟ ಅಂಗಡಿಯವನಿಗೆ, ಜಾಮೀನು ನಿಂತು ಕಂತು ಕಟ್ಟಿದ ಸ್ನೇಹಿತನಿಗೆ ಮುಟ್ಟಿಸಬೇಕು. ತೀರಿಸುವ ನಿಯ್ಯತ್ತಿನಿಂದ ಸಾಲ ಪಡೆದವನ ಪರವಾಗಿ ಅಲ್ಲಾಹನು ತೀರಿಸುವನೆಂದೂ, ನುಂಗುವ ನಿಯ್ಯತ್ತಿನಿಂದ ಪಡೆದವನನ್ನು ನಾಶಪಡಿಸುವನೆಂದೂ ಬುಖಾರಿಯ ಹದೀಸ್ ತಿಳಿಸುತ್ತದೆ. ಕೈಯಲ್ಲಿದ್ದೂ ಸತಾಯಿಸುವುದು ಅಕ್ರಮ, ಇಲ್ಲದಿರುವುದು ಅಕ್ರಮವಲ್ಲ.

ಸಾಲ ಕೊಟ್ಟವರಿಗೂ ಒಂದು ಮಾತಿದೆ. ಸೂರಃ ಅಲ್ ಬಕರದ 280ನೇ ಸೂಕ್ತವು, ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವ ತನಕ ಕಾಯಬೇಕೆಂದೂ, ಮನ್ನಾ ಮಾಡಿದರೆ ಅದು ಇನ್ನೂ ಉತ್ತಮವೆಂದೂ ಬೋಧಿಸುತ್ತದೆ. ಸೂರಃ ಅತ್ತೌಬದ 60ನೇ ಸೂಕ್ತವು ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವನನ್ನೂ ಎಣಿಸಿದೆ. ಅವನು ನಮ್ಮ ಕರುಣೆಯ ಭಿಕ್ಷುಕನಲ್ಲ, ಹಕ್ಕುದಾರ. ರಮಝಾನಿನಲ್ಲಿ ಬಾಗಿಲಿಗೆ ಬಂದವರಿಗೆ ಹತ್ತಿಪ್ಪತ್ತು ರೂಪಾಯಿ ಹಂಚಿ ಝಕಾತ್ ಮುಗಿಯಿತೆನ್ನುವ ನಾವು, ಬಾಗಿಲಿಗೆ ಬರಲು ನಾಚುವ ನೆರೆಯವನ ಒಂದು ಸಾಲವನ್ನಾದರೂ ಪೂರ್ತಿ ತೀರಿಸಿದ್ದೇವೆಯೇ? ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝ ನಮಾಝಿಗೆ ಪ್ರವಾದಿವರ್ಯರು(ಸ) ನಿಲ್ಲದಿದ್ದಾಗ, ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ಮುಂದೆ ಬಂದರು. ಪ್ರತಿ ಜಮಾಅತಿನಲ್ಲೂ ಒಬ್ಬ ಅಬೂ ಕತಾದ ಬೇಕು, ಅದೂ ಮನುಷ್ಯ ಬದುಕಿರುವಾಗಲೇ.

ಒಮ್ಮೆ ಪ್ರವಾದಿವರ್ಯರು(ಸ) ದಿವಾಳಿಕೋರ ಯಾರೆಂದು ಸಹಾಬಿಗಳನ್ನು ಕೇಳಿದರು. ಹಣವೂ ಸರಕೂ ಇಲ್ಲದವನು ಎಂದರು ಅವರು. ಅಲ್ಲ, ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಇನ್ನೊಬ್ಬರನ್ನು ಬೈದು, ಹೊಡೆದು, ಅವರ ಸೊತ್ತನ್ನು ತಿಂದುದರಿಂದ ಪರಲೋಕದಲ್ಲಿ ತನ್ನ ಪುಣ್ಯವನ್ನೆಲ್ಲ ಅವರಿಗೆ ಕೊಟ್ಟು ಬರಿಗೈಯಾಗುವವನೇ ದಿವಾಳಿಕೋರನೆಂದು ಅವರು ವಿವರಿಸಿದರು. ಈ ಅಳತೆಯಲ್ಲಿ ನೋಡಿದರೆ, ಕಾರವಾರದ ಕೋರ್ಟಿನಲ್ಲಿ ತಲೆ ತಗ್ಗಿಸಿ ನನ್ನಲ್ಲಿರುವುದು ಇಷ್ಟೇ ಎಂದು ನಿಜ ನುಡಿದ ನಿರುದ್ಯೋಗಿ ದಿವಾಳಿಯಾಗಿಲ್ಲ. ಆಸ್ತಿ ಅಡಗಿಸಿದವನೂ, ಇಲ್ಲದವನ ಮನೆಬಾಗಿಲಲ್ಲಿ ನಿಂತು ಅವನ ಹೆಂಡತಿ ಮಕ್ಕಳಿಗೆ ಕೇಳಿಸುವಂತೆ ಬೈದವನೂ ಆ ದಿನಕ್ಕಾಗಿ ಹೆದರಲಿ.

ಸಾಲದಲ್ಲಿರುವ ಸಹೋದರನೇ, ಊರು ಬಿಡಬೇಡ, ಪ್ರಾಣ ಬಿಡುವ ಯೋಚನೆಯನ್ನಂತೂ ಮಾಡಲೇಬೇಡ. ಈ ರಾತ್ರಿಯೇ ಕುಳಿತು ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆ. ಮನೆಯವಳಿಗೆ ತೋರಿಸು. ಬಳಿಕ ಜಮಾಅತಿನ ಹಿರಿಯರೊಬ್ಬರಿಗೆ, ಅಗತ್ಯವಿದ್ದರೆ ವಕೀಲರಿಗೆ ತೋರಿಸು. ಅಲ್ಲಾಹನು ನಮ್ಮ ಸಾಲಗಳನ್ನು ಇಲ್ಲಿಯೇ ತೀರಿಸುವ ಭಾಗ್ಯವನ್ನೂ, ಇನ್ನೊಬ್ಬರ ಹೊರೆಗೆ ಹೆಗಲು ಕೊಡುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.