ಯಾರಿಗೆ ತಿಳಿಯಬೇಕು?

ಮಕ್ಕಳ ಪುಸ್ತಕಗಳ ಹಸ್ತಪ್ರತಿ ತಿದ್ದುವುದು ನನ್ನ ಕಸುಬು. ತಾಳ್ಯದ ಮನೆಯಲ್ಲೇ ಕೂತು ಮಾಡುತ್ತೇನೆ. ಪುಟಕ್ಕಿಷ್ಟು ಎಂದು ಕೂಲಿ. ಎಲ್ಲ ಬಗೆಯ ಮಕ್ಕಳೂ ಪುಸ್ತಕದಲ್ಲಿರಬೇಕೆಂಬ ಮಾತು ಈಗ ಪ್ರಕಾಶಕರ ಬಾಯಲ್ಲಿದೆ. ಒಳ್ಳೆಯದೇ. ಆದರೆ ಇರುವುದೆಂದರೇನು?

ಲಂಬಾಣಿ ತಾಂಡಾದ ಹುಡುಗಿಯೊಬ್ಬಳ ಕಥೆ ಬಂತು. ಚಿತ್ರದಲ್ಲಿ ಕನ್ನಡಿ ಹೊಲಿದ ಲಂಗವಿತ್ತು. ಅವಳು ತಾಯಿಯನ್ನು 'ಯಾಡಿ' ಎನ್ನುತ್ತಿದ್ದಳು. 'ಮಕ್ಕಳಿಗೆ ತಿಳಿಯದು, ಅಮ್ಮ ಎಂದು ಮಾಡಿ' ಎಂದರು ಪ್ರಕಾಶಕರು. ಯಾವ ಮಕ್ಕಳಿಗೆ? ತಾಂಡಾದ ಮಗು ಒಂದನೇ ತರಗತಿಯಿಂದ 'ಅಮ್ಮ' ಎಂದೇ ಓದಿಕೊಂಡು ಬಂದಿದೆ. ಅದಕ್ಕೆ ಯಾರೂ ರಿಯಾಯಿತಿ ತೋರಲಿಲ್ಲ. ಅದರ ಮನೆಮಾತಿಗೆ ಸ್ವಂತ ಲಿಪಿಯಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಅದು ಸೇರಿಲ್ಲ. ಕನ್ನಡದ ಪುಟದಲ್ಲಿ ಅದರ ಒಂದು ಶಬ್ದಕ್ಕೂ ಜಾಗವಿಲ್ಲವೆಂದರೆ, ಒಳಗೆ ಬಂದದ್ದು ಲಂಗ. ಹುಡುಗಿ ಹೊರಗೇ ಉಳಿದಳು.

ತಿಳಿಯದ ಪುಸ್ತಕವನ್ನು ಮಗು ಮುಚ್ಚಿಡುತ್ತದೆಂಬ ಅಂಜಿಕೆ ಸುಳ್ಳಲ್ಲ. ಆದರೆ ಯಾಡಿ ರೊಟ್ಟಿ ತಟ್ಟುತ್ತ ಮಗಳನ್ನು ಊಟಕ್ಕೆ ಕೂಗಿದಳು ಎಂದರೆ ಯಾವ ಮಗುವಿಗೆ ತಿಳಿಯದು? ಅಷ್ಟನ್ನು ಬರೆದು ಕಳಿಸಿದೆ. ಶಬ್ದ ಉಳಿಯಿತು, ಅವರಿಂದ ಮುಂದಿನ ಹಸ್ತಪ್ರತಿ ಬರಲಿಲ್ಲ.

ಕೂಲಿಗೆ ತಿದ್ದುವವನು ಕೂಲಿ ಕೊಡುವವರ ಮಾತು ಕೇಳಬೇಕು, ನಿಜ. ಓದುವ ಮಗುವೂ ನನ್ನ ಧಣಿಯೇ ಅಲ್ಲವೆ?