ಗುರಿ, ಗಳಿಕೆ ಮತ್ತು ಅಳತೆಯ ನ್ಯಾಯ

ಕುರುಬರಹಳ್ಳಿಯ ಗಲ್ಲಿಗಳಲ್ಲಿ ಗೋಲಿಯಾಡುವ ಮಕ್ಕಳ ಜಗಳವನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಸೋಲನ್ನು ಮಗು ಅರೆಗಳಿಗೆಯಲ್ಲಿ ಮರೆಯುತ್ತದೆ. ತಾಗಿದ ಗೋಲಿಯನ್ನು ತಾಗಲಿಲ್ಲವೆಂದು ಎಣಿಸಿದುದನ್ನು ಬಹುಕಾಲ ಮರೆಯುವುದಿಲ್ಲ. ಗುರಿಗಾರಿಕೆಯ ದೊಡ್ಡ ಸ್ಪರ್ಧೆಗಳಲ್ಲಿಯೂ ಪ್ರಶ್ನೆ ಇದೇ ಆಗಿದೆ. ಗಳಿಸಿದುದನ್ನು ಅಳೆಯುವ ಬಗೆ ನ್ಯಾಯವಾದುದೇ?

ಬಂದೂಕಿನ ಕ್ರೀಡೆ ಅಹಿಂಸಾಧರ್ಮಿಗಳ ವಿಚಾರಕ್ಕೆ ಯೋಗ್ಯವೇ ಎಂಬ ಶಂಕೆ ಸಹಜ. 1900ರ ಪ್ಯಾರಿಸ್ ಕ್ರೀಡೆಗಳಲ್ಲಿ ಜೀವಂತ ಪಾರಿವಾಳಗಳನ್ನು ಹೊಡೆದುರುಳಿಸುವ ಸ್ಪರ್ಧೆ ನಡೆದಿತ್ತು; ಬಿದ್ದ ಹಕ್ಕಿಗಳ ಸಂಖ್ಯೆಯೇ ಅಂಕವಾಗಿತ್ತು. ಆ ಎಣಿಕೆ ಎಷ್ಟೇ ನಿಖರವಾಗಿದ್ದರೂ ಅದನ್ನು ನ್ಯಾಯವೆನ್ನಲಾಗದು; ಅಂಕವಾಗಿ ಪರಿಣಮಿಸಿದ ಜೀವಗಳನ್ನು ಯಾರೂ ಕೇಳಿರಲಿಲ್ಲ. ಇಂದಿನ ರೈಫಲ್ ಮತ್ತು ಪಿಸ್ತೂಲ್ ಸ್ಪರ್ಧೆಗಳಲ್ಲಿ ಗುರಿಯು ಕಾಗದದ ಅಥವಾ ವಿದ್ಯುನ್ಮಾನ ಫಲಕ ಮಾತ್ರ. ಅಲ್ಲಿ ಪರೀಕ್ಷೆಗೊಳಗಾಗುವುದು ಉಸಿರಿನ ನಿಗ್ರಹ, ಕೈಯ ಸ್ಥೈರ್ಯ ಮತ್ತು ಚಿತ್ತದ ಏಕಾಗ್ರತೆ. ಆದುದರಿಂದ ಅದರ ಅಳತೆಯನ್ನು ಕುರಿತು ವಿಚಾರಿಸಲು ಅಡ್ಡಿಯಿಲ್ಲ.

ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ 60 ಗುಂಡುಗಳ ಅರ್ಹತಾ ಸುತ್ತನ್ನು 580 ಅಂಕಗಳೊಂದಿಗೆ ಮೊದಲಿಗರಾಗಿ ಮುಗಿಸಿದರು. ಅಂತಿಮ ಸುತ್ತಿನಲ್ಲಿ ಆ ಮುನ್ನಡೆ ಲೆಕ್ಕಕ್ಕೆ ಬರಲಿಲ್ಲ. ಎಲ್ಲರೂ ಸೊನ್ನೆಯಿಂದ ಆರಂಭಿಸಿದರು. 20 ಗುಂಡುಗಳ ಆ ಸುತ್ತಿನಲ್ಲಿ ಆಸ್ಟ್ರೇಲಿಯಾದ ಡೇನಿಯಲ್ ರೆಪಚೋಲಿ 199.5 ಅಂಕ ಗಳಿಸಿ ಚಿನ್ನ ಪಡೆದರು, 198.2 ಗಳಿಸಿದ ನಂಜಪ್ಪನವರಿಗೆ ಬೆಳ್ಳಿ ಲಭಿಸಿತು.

ಈ ನಿಯಮ ಜಾರಿಗೆ ಬಂದುದು 2013ರಲ್ಲಿ. ಅದಕ್ಕೆ ಮುನ್ನ ಅರ್ಹತಾ ಸುತ್ತಿನ ಅಂಕಗಳು ಅಂತಿಮ ಸುತ್ತಿಗೆ ಕೂಡಿಕೊಳ್ಳುತ್ತಿದ್ದವು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಸ್ಪರ್ಧೆಯಲ್ಲಿ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ 598 ಅಂಕಗಳೊಂದಿಗೂ ಅಭಿನವ್ ಬಿಂದ್ರಾ 596 ಅಂಕಗಳೊಂದಿಗೂ ಅಂತಿಮ ಸುತ್ತನ್ನು ಪ್ರವೇಶಿಸಿದರು. ಕೊನೆಯ ಗುಂಡಿಗೆ ಮುನ್ನ ಇಬ್ಬರೂ ಸಮನಾದರು. ಬಿಂದ್ರಾ 10.8 ಹೊಡೆದು ಚಿನ್ನ ಗೆದ್ದರು, 9.7 ಹೊಡೆದ ಹ್ಯಾಕಿನೆನ್ ಕಂಚಿಗಿಳಿದರು. ಅಲ್ಲಿಯೂ ಮುಂದಿದ್ದವರು ಸೋತರು. ಆದರೆ ಅವರ ಎರಡು ಅಂಕಗಳ ಮುನ್ನಡೆ ಕಡೆಯವರೆಗೂ ತಕ್ಕಡಿಯಲ್ಲಿಯೇ ಇತ್ತು.

ಹೊಸ ನಿಯಮದ ಪರವಾಗಿ ಹೇಳಬಹುದಾದ ಮಾತು ಬಲವಾದುದೇ. ನಿಯಮ ಎಲ್ಲರಿಗೂ ಮೊದಲೇ ತಿಳಿದಿರುತ್ತದೆ, ಎಲ್ಲರಿಗೂ ಸಮಾನವಾಗಿರುತ್ತದೆ. ಅರ್ಹತಾ ಸುತ್ತು ಕೇವಲ ಹೆಬ್ಬಾಗಿಲು. ಆದುದರಿಂದ ಇಲ್ಲಿ ವಂಚನೆಯಿಲ್ಲ. ಆದರೆ ವಂಚನೆಯಿಲ್ಲವೆಂದ ಮಾತ್ರಕ್ಕೆ ಅಳತೆ ಸರಿಯಾಯಿತೆಂದು ಹೇಳಲಾಗದು. ಸ್ಥೈರ್ಯವನ್ನು 60 ಗುಂಡುಗಳು 20 ಗುಂಡುಗಳಿಗಿಂತ ಚೆನ್ನಾಗಿ ತೋರಿಸುತ್ತವೆ. ಎಣಿಕೆ ಕಿರಿದಾದಷ್ಟೂ ಆಕಸ್ಮಿಕದ ಪಾಲು ಹಿರಿದಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಸುತ್ತು ನೋಡುವವರಿಗೆ ಹೆಚ್ಚು ರೋಚಕ. ಆ ರೋಚಕತೆಯ ಬೆಲೆಯನ್ನು ಮಾತ್ರ ಸ್ಪರ್ಧಿ ತೆರುತ್ತಾನೆ.

ಅಳತೆ ಒರಟಾದರೂ ಇಂಥದೇ ಕೊರತೆ ಉಂಟಾಗುತ್ತದೆ. ಏರ್ ರೈಫಲ್ ಗುರಿಯ ಹತ್ತರ ಬಿಂದುವಿನ ವ್ಯಾಸ ಕೇವಲ 0.5 ಮಿಲಿಮೀಟರ್, ಗುಂಡಿನದು 4.5 ಮಿಲಿಮೀಟರ್. ಗುಂಡಿನ ಅಂಚು ಬಿಂದುವಿಗೆ ತಾಗಿದರೂ ಪೂರ್ಣ ಹತ್ತು. ಪೂರ್ಣಾಂಕಗಳಲ್ಲಿ ಎಣಿಸಿದರೆ 60 ಬಾರಿಯೂ ಅಂಚಿನಲ್ಲಿ ತಾಗಿಸಿದವನಿಗೆ 600. 59 ಬಾರಿ ನಟ್ಟನಡುವಿಗೆ ಹೊಡೆದು ಒಮ್ಮೆ ಕೂದಲೆಳೆಯಷ್ಟು ತಪ್ಪಿದವನಿಗೆ 599. ದಶಮಾಂಶದಲ್ಲಿ ಎಣಿಸಿದರೆ ಮೊದಲನೆಯವನಿಗೆ 600.0, ಎರಡನೆಯವನಿಗೆ 653.0. ಗುಂಡುಗಳು ಅವೇ, ಗುರಿಯೂ ಅದೇ; ಅಳತೆಗೋಲು ಬದಲಾದಾಗ ಗೆದ್ದವನೇ ಬದಲಾದನು. ಏರ್ ರೈಫಲ್ಲಿನ ಅರ್ಹತಾ ಸುತ್ತಿಗೆ 2013ರಲ್ಲಿ ದಶಮಾಂಶವನ್ನು ತಂದುದು ಈ ದೃಷ್ಟಿಯಿಂದ ಉಚಿತವೇ ಆಗಿದೆ.

ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಸೇರಿಸಿದೆ. ಕೊಡುವಾಗ ಕಿರಿದು, ಕೊಳ್ಳುವಾಗ ಹಿರಿದು ಅಳೆಯುವ ಸೇರು ಮತ್ತು ತಕ್ಕಡಿಗಳ ದೋಷವದು. ವ್ಯಾಪಾರಿಗಳ ಮನೆಗಳಲ್ಲಿ ಈ ಎಚ್ಚರ ತಲೆಮಾರುಗಳಿಂದ ಬಂದಿದೆ. ಅಳತೆಯ ತಪ್ಪನ್ನು ಅಸತ್ಯದೊಡನೆ ಸೇರಿಸದೆ ಕಳವಿನೊಡನೆ ಸೇರಿಸಿರುವುದು ಗಮನಾರ್ಹ. ಪರಿಶ್ರಮದಿಂದ ಬಂದ ಅಂಕವೂ ಒಂದು ಗಳಿಕೆ. ಅದನ್ನು ತೂಗುವವನ ಕೈಯಲ್ಲಿ ಪರರ ಸ್ವತ್ತಿರುತ್ತದೆ.

ಈ ಹೊಣೆ ಒಲಿಂಪಿಕ್ಸ್ ನಡೆಸುವವರಿಗೆ ಮಾತ್ರ ಸೀಮಿತವಲ್ಲ. ಮಹಾವೀರ ಜಯಂತಿಯಂದು ಭಾಷಣ, ರಸಪ್ರಶ್ನೆ, ಸ್ತೋತ್ರಪಠನ ಸ್ಪರ್ಧೆಗಳನ್ನೇರ್ಪಡಿಸುವ ಬಸದಿಯ ಟ್ರಸ್ಟುಗಳೂ ತೂಗುವವರೇ. ಮೊದಲ ಸುತ್ತಿನ ಅಂಕ ಮುಂದೆ ಕೂಡುವುದೋ ಅಳಿಯುವುದೋ ಎಂಬುದನ್ನು ಸ್ಪರ್ಧೆಗೆ ಮುನ್ನವೇ ಸಾರಬೇಕು. ಅಳಿಯುವುದಾದರೆ ಮೊದಲ ಸುತ್ತಿನ ಮೊದಲಿಗನ ಹೆಸರನ್ನೂ ವೇದಿಕೆಯಲ್ಲಿ ಓದಬೇಕು. ಇಬ್ಬರು ನಿಜವಾಗಿ ಸಮನಾದಾಗ ಚೀಟಿಯೆತ್ತಿ ಒಬ್ಬನನ್ನು ಸೋಲಿಸುವ ಬದಲು ಬಹುಮಾನವನ್ನು ಹಂಚಬೇಕು. ಇದರಿಂದ ಟ್ರಸ್ಟಿಗೆ ತಗಲುವ ವೆಚ್ಚ ಇನ್ನೊಂದು ಪುಸ್ತಕ ಅಥವಾ ಇನ್ನೊಂದು ಲೋಟದ್ದು.

ದೋಷವೇ ಇಲ್ಲದ ಅಳತೆಗೋಲು ಲೋಕದಲ್ಲಿ ದೊರೆಯದು. ತನ್ನ ಕೋಲು ಏನನ್ನು ಅಳೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಅಳೆಯುವವನು ಮುಚ್ಚಿಡದೆ ಹೇಳಬಲ್ಲನು. ಅಷ್ಟು ಅವನಿಂದ ಸಾಧ್ಯವಿದೆ. ಹಾಗೆ ಹೇಳಿದಲ್ಲಿ ಸೋತ ಮಗು ಮನೆಗೆ ಬರುವಾಗ ಬಹುಮಾನವಿಲ್ಲದಿದ್ದರೂ ತನ್ನ ಗಳಿಕೆಯನ್ನು ಯಾರೂ ಅಪಹರಿಸಲಿಲ್ಲವೆಂಬ ನಂಬಿಕೆಯೊಡನೆ ಬರುತ್ತದೆ.