ಅರ್ಧ ಫಲ, ಪೂರ್ತಿ ಹೊಣೆ

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಒಂದು ಲೆಕ್ಕ ಒಪ್ಪಿಸುತ್ತಾನೆ. ಯಾವ ಕರ್ಮವೇ ಆಗಲಿ, ಅದಕ್ಕೆ ಕಾರಣಗಳು ಐದು: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಹೀಗಿರುವಾಗ ತಾನೊಬ್ಬನೇ ಕರ್ತೃ ಎಂದುಕೊಳ್ಳುವವನಿಗೆ ಕಣ್ಣಿದ್ದೂ ಕಾಣುವುದಿಲ್ಲ ಎನ್ನುವುದು ಅವನ ತೀರ್ಪು. ಕಾಲೇಜಿನಲ್ಲಿ ಈ ಭಾಗ ಬಂದಾಗ ನಾನು ಶಂಕರಭಾಷ್ಯ ಬಿಡಿಸುವ ಮೊದಲು ರೋಹನ್ ಬೋಪಣ್ಣ ಅವರ ವಿಷಯ ಎತ್ತುತ್ತೇನೆ. ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ಕೊಡಗಿನ ಮಾದಾಪುರದ ಕಾಫಿ ಬೆಳೆಗಾರರ ಮನೆ ಹುಡುಗ. ಹಾಕಿಯ ಸೀಮೆಯಲ್ಲಿ 11ನೆಯ ವಯಸ್ಸಿಗೆ ಟೆನಿಸ್ ರಾಕೆಟ್ ಹಿಡಿದರು, ಹದಿಹರೆಯದಲ್ಲೇ ತರಬೇತಿಗೆಂದು ಪುಣೆಗೆ ಹೋದರು. 2003ರಲ್ಲಿ ವೃತ್ತಿಪರರಾದಾಗ ಎಲ್ಲರಂತೆ ಅವರೂ ಸಿಂಗಲ್ಸ್ ಆಡಿದರು. ಅದರಲ್ಲಿ ಅವರು ಏರಿದ ಅತಿ ಎತ್ತರದ ಮೆಟ್ಟಿಲು 213ನೆಯ ಸ್ಥಾನ, 2007ರಲ್ಲಿ. ಮರುವರ್ಷ ಲಾಸ್ ಏಂಜಲಿಸ್‌ನಲ್ಲಿ ಎರಿಕ್ ಬುಟೋರಾಕ್ ಜೊತೆ ಡಬಲ್ಸ್ ಗೆದ್ದದ್ದು ಅವರ ಮೊದಲ ಎಟಿಪಿ ಪ್ರಶಸ್ತಿ. ಆಗ ವಯಸ್ಸು 28. ಒಂಟಿಯಾಗಿ ಆಗದ್ದು ಜೊತೆಯಲ್ಲಿ ಆಯಿತು.

ಡಬಲ್ಸ್ ಆಟದ ಅಂಗಳವನ್ನೊಮ್ಮೆ ನೋಡಿ. ಜೊತೆಗಾರ ಸರ್ವ್ ಮಾಡುವಾಗ ನೆಟ್ ಹತ್ತಿರ ನಿಂತವನು ಅವನಿಗೆ ಬೆನ್ನು ಹಾಕಿರುತ್ತಾನೆ. ಬೆನ್ನ ಹಿಂದೆ ಬೆರಳಿನಲ್ಲಿ ಸನ್ನೆ ಮಾಡುತ್ತಾನೆ. ಚೆಂಡು ತನ್ನ ತಲೆಗೆ ಬಡಿಯದೆ ಪಕ್ಕದಲ್ಲಿ ಹಾರಿ ಹೋಗುತ್ತದೆ ಎಂದು ನಂಬಿ ಮುಂದೆ ನೋಡುತ್ತಾನೆ. ಎಟಿಪಿ ಡಬಲ್ಸ್‌ನಲ್ಲಿ 2006ರಿಂದೀಚೆಗೆ ಡ್ಯೂಸ್ ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಮೂರನೆಯ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಒಂದು ವಾರದ ದುಡಿಮೆ ನೆಟ್ ತುದಿಗೆ ತಾಗಿದ ಒಂದು ಚೆಂಡಿನಲ್ಲಿ ತೀರ್ಮಾನವಾಗಬಹುದು. ಐದನೆಯ ಕಾರಣದ ಬಗ್ಗೆ ಇವರಿಗೆ ಯಾರೂ ಭಾಷ್ಯ ಹೇಳಬೇಕಿಲ್ಲ.

2010 ಬೋಪಣ್ಣ ಅವರಿಗೆ ಹೆಸರು ತಂದ ವರ್ಷ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರ ಜೊತೆಯಾಗಿದ್ದರು. ಜನ ಅವರನ್ನು ‘ಇಂಡೋ–ಪಾಕ್ ಎಕ್ಸ್‌ಪ್ರೆಸ್’ ಎಂದು ಕರೆದರು. ಯುದ್ಧ ಬಿಡಿ, ಟೆನಿಸ್ ಆಡಿ ಎಂದು ಸಾರುವ ಅಂಗಿ ತೊಟ್ಟರು. ಯುಎಸ್ ಓಪನ್ ಫೈನಲ್‌ನಲ್ಲಿ ಬ್ರಯಾನ್ ಸಹೋದರರಿಗೆ ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಸೋತರು.

ಅದೇ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಮೊದಲ ದಿನ ಬೋಪಣ್ಣ ಬ್ರೆಜಿಲ್‌ನ ಬೆಲುಚಿಗೆ ಸೋತರು, ಇನ್ನೊಂದು ಸಿಂಗಲ್ಸೂ ಕೈತಪ್ಪಿತು, ಭಾರತ 0–2. ಪೇಸ್ ಮತ್ತು ಭೂಪತಿ ಡಬಲ್ಸ್ ಗೆದ್ದರು. ಸೋಮದೇವ್ ಎದುರು ಬೆಲುಚಿ ಚೆನ್ನೈ ಬಿಸಿಲು ತಾಳಲಾರದೆ ಅರ್ಧಕ್ಕೇ ನಿಲ್ಲಿಸಿದರು. ಕೊನೆಯ ಪಂದ್ಯದಲ್ಲಿ ಬೋಪಣ್ಣ ರಿಕಾರ್ಡೊ ಮೆಲೊ ಅವರನ್ನು ಸೋಲಿಸಿದರು, ಭಾರತ 3–2ರಿಂದ ಗೆದ್ದಿತು. ಅಂಗಳದಲ್ಲಿ ಅವರೊಬ್ಬರೇ ಇದ್ದರು ನಿಜ. ಆದರೆ ಪೇಸ್, ಭೂಪತಿ, ಸೋಮದೇವ್, ಬಿಸಿಲು ಇವುಗಳಲ್ಲಿ ಒಂದು ಕಡಿಮೆಯಾಗಿದ್ದರೂ ಆ ಪಂದ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಸಿಂಗಲ್ಸ್ ಅನ್ನುವುದೂ ಜೊತೆಗಾರರು ಕಣ್ಣಿಗೆ ಕಾಣದ ಡಬಲ್ಸೇ.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಒಂದು ಕೈ ಏಳುತ್ತದೆ. “ಸರ್, ಗೆಲುವು ನನ್ನದಲ್ಲ ಅಂದಮೇಲೆ ತಪ್ಪೂ ನನ್ನದಲ್ಲ ಅಲ್ವಾ?” ಒಳ್ಳೆಯ ಪ್ರಶ್ನೆ. ನಮ್ಮ ಕ್ಲಬ್ಬಿನಲ್ಲಿ ಸಂಜೆ ಡಬಲ್ಸ್ ಆಡುವವರ ಶಾಸ್ತ್ರವೂ ಇದೇ: ಗೆದ್ದರೆ ನನ್ನ ಸರ್ವ್, ಸೋತರೆ ನಿನ್ನ ವಾಲಿ. ಹಾಗೂ ಬಗೆಹರಿಯದಿದ್ದರೆ ಗ್ರಹಚಾರ.

ಉತ್ತರಕ್ಕೆ 2023ರ ಯುಎಸ್ ಓಪನ್ ಫೈನಲ್ ಸಾಕು. ಜೊತೆಗಾರ ಮ್ಯಾಥ್ಯೂ ಎಬ್ಡನ್. ಒಂದು ಚೆಂಡು ಬೋಪಣ್ಣ ಅವರ ತೋಳನ್ನು ಸವರಿ ಹೋಯಿತು. ಅಂಪೈರ್ ಹೇಳಲಿಲ್ಲ, ಅವರೇ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಆ ಫೈನಲ್ ಸೋತರು. ತೋಳಿಗೆ ತಾಗಿದ್ದು ದೈವ ಇರಬಹುದು, ನುಡಿದದ್ದು ದೈವವಲ್ಲ. ಐದು ಕಾರಣಗಳಲ್ಲಿ ಕರ್ತೃವಿನ ಪಾಲು ಎಷ್ಟೇ ಚಿಕ್ಕದಿರಲಿ, ಅದನ್ನು ಬೇರೆ ನಾಲ್ಕರ ತಲೆಗೆ ಕಟ್ಟಲು ಬರುವುದಿಲ್ಲ. ಅರ್ಜುನನಿಗೆ ಕೃಷ್ಣ ಬಿಡಿಸಿದ್ದು ತಾನೊಬ್ಬನೇ ಮಾಡುತ್ತೇನೆಂಬ ಹಮ್ಮನ್ನು, ಬಿಲ್ಲನ್ನಲ್ಲ.

2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಅದೇ ಎಬ್ಡನ್ ಜೊತೆ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ಒಂದನೆಯ ಸ್ಥಾನಕ್ಕೇರಿದರು. ಇದು ಸತ್ಯ ನುಡಿದದ್ದಕ್ಕೆ ಸಿಕ್ಕ ಫಲ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಹಾಗೆ ಹೇಳಿದರೆ ಗೀತೆಯನ್ನು ವ್ಯಾಪಾರ ಮಾಡಿದಂತೆ. ಆ ಪ್ರಶಸ್ತಿ ಬಾರದೆ ಹೋಗಿದ್ದರೂ ಆ ಪಾಯಿಂಟ್ ಬಿಟ್ಟುಕೊಟ್ಟದ್ದು ಸರಿಯೇ. ಫಲದಲ್ಲಿ ನಮ್ಮದು ಒಂದು ಪಾಲು ಮಾತ್ರ. ಹೊಣೆಯಲ್ಲಿ ಪಾಲುದಾರಿಕೆ ಇಲ್ಲ.